ಅವರ ವಾಚಿನೊಳಗೆ ನನ್ನ ಎದೆ

ನನ್ನ ಗಂಡ ನೂರು ವರ್ಷ ಬದುಕಬೇಕೆಂದು ತೀರ್ಮಾನಿಸಿದ ದಿನ ನಾನು ಹಂದಿ ಸಾರು ಮಾಡಿದ್ದೆ. ಒಲೆಯ ಮೇಲೆ ಕಡುಬು ಬೇಯುತ್ತಿತ್ತು. ಪೇಟೆಯಿಂದ ಬಂದವರು ಕೈಕಾಲು ತೊಳೆದು ಊಟಕ್ಕೆ ಕೂತರು, ತಟ್ಟೆಯನ್ನು ಒಂದು ಗೇಣು ಆಚೆ ತಳ್ಳಿದರು, ಇನ್ನು ಮೇಲೆ ಇಂಥದ್ದೆಲ್ಲ ಮಾಡಬೇಡ ಎಂದರು. ಅವತ್ತು ಬಂದದ್ದು ಸಾರು ಹಾಳಾಯಿತಲ್ಲ ಎಂಬ ಅಡುಗೆಮನೆಯ ಸಿಟ್ಟು, ಪಾತ್ರೆ ತೊಳೆಯುವಷ್ಟರಲ್ಲಿ ಇಳಿದುಹೋಯಿತು. ಈಗ ಬರೆಯುತ್ತಿರುವುದು ಬೇರೆ ಸಿಟ್ಟಿನ ವಿಷಯ. ಅದು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನಮ್ಮ ತೋಟ ಸಕಲೇಶಪುರದ ಕಡೆ, ಹಾನುಬಾಳಿನಿಂದ ಸ್ವಲ್ಪ ಒಳಕ್ಕೆ. ಕಾಫಿ, ಮೆಣಸು, ಮನೆಖರ್ಚಿಗಾಗುವಷ್ಟು ಗದ್ದೆ. ತೋಟದ ಯಜಮಾನಿಕೆ ಅವರದು, ಮೆಣಸಿನ ಬಳ್ಳಿಯ ನರ್ಸರಿ ನನ್ನದು. ಪಕ್ಕದ ಎಸ್ಟೇಟಿನವರು ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಮೂರು ತಲೆಮಾರಿನಿಂದ ಇಲ್ಲೇ ಇದ್ದಾರೆ. ಆಯಸ್ಸು ಹೆಚ್ಚಿಸುವ ಬೆಂಗಳೂರಿನ ಡಾಕ್ಟರುಗಳ ಹತ್ತಿರ ಮೊದಲು ಹೋಗಿ ಸೇರಿದ್ದು ಆ ಎಸ್ಟೇಟಿನ ಯಜಮಾನರು. ಅವರ ಬಾಯಲ್ಲಿ ಆ ಸಂಗತಿ ಕೇಳಿ ಕೇಳಿ ನಮ್ಮವರಿಗೂ ಹುಚ್ಚು ಹಿಡಿಯಿತು. ಆ ಡಾಕ್ಟರುಗಳು ಕಾಯಿಲೆ ಬಂದ ಮೇಲೆ ನೋಡುವವರಲ್ಲವಂತೆ, ಬರದಂತೆ ಕಾಯುವವರಂತೆ. ಮೊದಲು ರಕ್ತದಿಂದ ಹಿಡಿದು ಮೂಳೆಯವರೆಗೆ ಎಲ್ಲ ಪರೀಕ್ಷೆ. ಆಮೇಲೆ ಕೈಗೊಂದು ವಾಚು, ಬೆರಳಿಗೊಂದು ಉಂಗುರ, ಸಕ್ಕರೆ ಅಳೆಯಲು ತೋಳಿಗೆ ಅಂಟಿಸಿಕೊಳ್ಳುವ ಒಂದು ಬಿಲ್ಲೆ. ನಡೆದದ್ದು, ಮಲಗಿದ್ದು, ಎದೆ ಬಡಿದದ್ದು ಎಲ್ಲವೂ ಮೊಬೈಲಿನ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಶನಿವಾರ ಡಾಕ್ಟರು ಅದನ್ನೆಲ್ಲ ಮುಂದಿಟ್ಟುಕೊಂಡು ವಿಡಿಯೋದಲ್ಲಿ ಮಾತಾಡುತ್ತಾರೆ.

ನಾನು ಇದನ್ನೆಲ್ಲ ಗೇಲಿ ಮಾಡುವವಳಲ್ಲ. ಮಳೆಗೆ ಮುಂಚೆ ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಯುವ ಜನ ನಾವು, ಕೊಳೆರೋಗ ಬಂದ ಮೇಲೆ ಹೊಡೆದು ಏನೂ ಪ್ರಯೋಜನವಿಲ್ಲ ಎಂದು ಚೆನ್ನಾಗಿ ಗೊತ್ತಿದೆ. ಆದರೆ ಯಾರೂ ಒಂದೇ ಗಿಡಕ್ಕೆ ಹೊಡೆದು ಪಕ್ಕದ್ದನ್ನು ಬಿಟ್ಟು ಬರುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದು ಅದೇ. ನನಗೂ ಒಂದು ಪರೀಕ್ಷೆ ಮಾಡಿಸೋಣ ಎಂದು ಯಾರ ಬಾಯಿಂದಲೂ ಬರಲಿಲ್ಲ, ಡಾಕ್ಟರ ಬಾಯಿಂದಲೂ.

ಶನಿವಾರ ಮಾತಾಡುವ ಆ ಡಾಕ್ಟರಿಗೆ ನಮಗೆ ಮಗಳಾಗುವಷ್ಟು ವಯಸ್ಸು. ಚುರುಕು ಹುಡುಗಿ, ಮಾತು ನೇರ. ನನ್ನ ಗಂಡ ತಮ್ಮ ಅಪ್ಪನ ಮಾತನ್ನೇ ಕಿವಿಗೆ ಹಾಕಿಕೊಂಡವರಲ್ಲ. ಬ್ಯಾಂಕಿನವರು ಬಂದರೆ ಗೇಟಿನಲ್ಲೇ ನಿಲ್ಲಿಸಿ ಮಾತಾಡಿಸುವ ಗತ್ತು ಅವರದು. ಅಂಥವರು ಶನಿವಾರ ಬಂತೆಂದರೆ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ಕಾಫಿ ಸ್ಟೋರಿನ ಜಗಲಿಗೆ ಹೋಗಿ ಕೂರುತ್ತಿದ್ದರು. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಡಾಕ್ಟರು ಭೇಷ್ ಎಂದರೆ ಮೀಸೆಯಡಿ ನಗು, ಬೈದರೆ ಮನೆಯಲ್ಲಿ ಎರಡು ದಿನ ಮಾತಿಲ್ಲ. ಬೈಗುಳವೆಂದರೂ ಎಂಥದ್ದು, ಈ ವಾರ ನಡೆದದ್ದು ಕಡಿಮೆಯಾಯಿತು ಸರ್, ಬ್ರಾಂದಿ ಬೇಡ ಎಂದಿದ್ದೆನಲ್ಲ ಸರ್, ಅಷ್ಟೆ. ಅಷ್ಟಕ್ಕೇ ಇವರ ಮುಖ ಬಾಡುತ್ತಿತ್ತು.

ಮಳೆ ಹಿಡಿದ ಮೇಲೆ ಆನೆಗಳು ಬಂದವು. ಪ್ರತಿವರ್ಷವೂ ಬರುತ್ತವೆ, ಹೊಸದೇನಲ್ಲ. ಈ ಸಲ ಒಂದು ಹಿಂಡು ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಬೀಡುಬಿಟ್ಟಿತು. ಬೆಳಿಗ್ಗೆ ಎದ್ದರೆ ಜಗಲಿಗೆ ಹೋಗಿ ಮೊಬೈಲಿನಲ್ಲಿ ಮೊದಲು ನೋಡುವುದೇ ಆನೆ ಎಲ್ಲಿದೆ ಎಂಬ ಸಂದೇಶ. ಸೂರ್ಯ ಹುಟ್ಟುವ ಹೊತ್ತಿಗೆ ಬಯಲಲ್ಲಿ ನಡೆಯಬೇಕೆಂದು ಬೆಂಗಳೂರಿನ ಆಜ್ಞೆ, ಆ ಹೊತ್ತಿನಲ್ಲೇ ಆನೆಗಳು ತೋಟದಿಂದ ತೋಟಕ್ಕೆ ದಾಟುವುದು. ಇವರು ಕಣದಲ್ಲೇ ಸುತ್ತು ಹಾಕಿ ನೋಡಿದರು. ಕಾಫಿ ಒಣಗಿಸುವ ಕಣ ಮಳೆಗಾಲದಲ್ಲಿ ಪಾಚಿಗಟ್ಟಿರುತ್ತದೆ, ಎರಡನೆಯ ದಿನವೇ ಜಾರಿ ಕೂತರು. ಆಮೇಲೆ ಹೊಳೆದದ್ದು ಆ ಘನ ಉಪಾಯ.

ನಾನು ನರ್ಸರಿಗೆ ಹೊರಟಿದ್ದೆ. ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿದರು. "ನೀನು ಹೆಂಗೂ ದಿನಪೂರ್ತಿ ಓಡಾಡ್ತಾನೇ ಇರ್ತೀಯ ಕಣೇ. ಇದನ್ನೂ ಓಡಾಡ್ಸು," ಎಂದರು.

ನನಗೆ ನಗು ಬಂತು. ಕಟ್ಟಿಕೊಂಡೆ. ನರ್ಸರಿ, ಕೊಟ್ಟಿಗೆ, ಕೋಳಿಗೂಡು, ಕೂಲಿಯವರ ಲೈನ್ ಮನೆಗಳು, ಮತ್ತೆ ಅಡುಗೆಮನೆ. ಸಂಜೆಗೆ ವಾಚು ಹಬ್ಬ ಮಾಡಿತು, ಪರದೆಯ ಮೇಲೆ ಬಣ್ಣಬಣ್ಣದ ಪಟಾಕಿ ಹಾರಿಸಿತು. ಆ ಶನಿವಾರ ಡಾಕ್ಟರು ಇವರನ್ನು ಹೊಗಳಿದ್ದೇ ಹೊಗಳಿದ್ದು. ಸಕ್ಕರೆಯಿಲ್ಲದ ಕಾಫಿ ಹಿಡಿದು ಜಗಲಿಯ ಹಿಂದೆ ನಿಂತಿದ್ದ ನಾನು ಅದನ್ನೆಲ್ಲ ಕೇಳಿಸಿಕೊಂಡೆ. ಮದುವೆಯಾಗಿ ಬಂದಾಗಿನಿಂದ ಅದೇ ಕೆಲಸ ಮಾಡಿದ್ದೇನೆ, ಒಬ್ಬರೂ ಭೇಷ್ ಎಂದಿರಲಿಲ್ಲ. ಕೊನೆಗೂ ಒಬ್ಬರು ಎಂದರು, ಅದೂ ಅವರಿಗೆ.

ಆನೆಗಳು ವನಗೂರಿನ ಕಡೆ ಸರಿದವು. ವಾಚು ಮಾತ್ರ ನನ್ನ ಕೈಯಲ್ಲೇ ಉಳಿಯಿತು. ನಿದ್ದೆ ಅಳೆಯುವ ಬೆರಳಿನ ಉಂಗುರ ಬಿಗಿಯಾಯಿತೆಂದು ಇವರು ಅದನ್ನು ಮೊದಲೇ ಕಪಾಟಿಗೆ ಸೇರಿಸಿದ್ದರು. ಹಾಗಾಗಿ ಮಲಗುವಾಗಲೂ ವಾಚು ನನಗೇ ಬಂತು, ಬ್ರಾಂದಿ ಕುಡಿದ ದಿನ ನಿದ್ದೆ ಕೆಡುವುದನ್ನು ಅದು ಬೆಂಗಳೂರಿಗೆ ಚಾಡಿ ಹೇಳುತ್ತದಲ್ಲ. ಮನಸ್ಸು ಬಂದಾಗ ಒಂದೊಂದು ದಿನ ತಾವೂ ಕಟ್ಟಿಕೊಳ್ಳುತ್ತಿದ್ದರು. ಒಂದೊಂದು ದಿನ ಮಾತ್ರ.

ಈಗ ನನ್ನ ಎದೆಯ ವಿಷಯ ಹೇಳಬೇಕು. ಅದಕ್ಕೂ ಮೊದಲಿನಿಂದ, ಸುಮಾರು ಒಂದು ವರ್ಷದಿಂದ, ಆಗಾಗ ನನ್ನ ಎದೆಯಲ್ಲಿ ಏನೋ ಆಗುತ್ತಿತ್ತು. ನೋವಲ್ಲ. ಬುಟ್ಟಿಯಡಿ ಕವುಚಿಟ್ಟ ಕೋಳಿ ರೆಕ್ಕೆ ಬಡಿದಂತೆ ಲಬಲಬ ಎನ್ನುತ್ತಿತ್ತು, ತಾಳವಿಲ್ಲದೆ. ಏರು ಹತ್ತುವಾಗ ಉಸಿರು ಸಾಲುತ್ತಿರಲಿಲ್ಲ. ಇವರಿಗೆ ಹೇಳಿದೆ. ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿ ಎಂದರು. ಹಾನುಬಾಳಿನ ಮೆಡಿಕಲ್ ಸ್ಟೋರಿನವನೂ ಗ್ಯಾಸಿನ ಮಾತ್ರೆಯನ್ನೇ ಕೊಟ್ಟ. ಹೆಂಗಸರ ಎದೆಯಲ್ಲಿ ಗ್ಯಾಸ್ ಬಿಟ್ಟು ಬೇರೇನೂ ಇರುವುದಿಲ್ಲ ಎಂದು ಇವರೆಲ್ಲ ಯಾವ ಶಾಲೆಯಲ್ಲಿ ಕಲಿತರೋ.

ಒಂದು ಮಧ್ಯಾಹ್ನ, ಶನಿವಾರವಲ್ಲದ ದಿನ, ಬೆಂಗಳೂರಿನಿಂದ ಫೋನು ಬಂತು. ಸರ್, ನಿಮ್ಮ ಎದೆಬಡಿತ ತಾಳ ತಪ್ಪುತ್ತಿದೆ, ಹಲವು ಸಲ ಹೀಗಾಗಿದೆ, ತಡ ಮಾಡದೆ ಬನ್ನಿ ಎಂದರು ಡಾಕ್ಟರು. ಇವರು ಜಗಲಿಯಿಂದ ಮನೆಗೆ ನಡೆದು ಬಂದ ರೀತಿ ನೋಡಿಯೇ ಏನೋ ಆಗಿದೆ ಎಂದುಕೊಂಡೆ. ಮುಖ ಸುಣ್ಣ ಬಳಿದಂತಾಗಿತ್ತು. ವಿಷಯ ಹೇಳಿ ಬಟ್ಟೆ ತುಂಬಿಸಿಕೊಡು ಎಂದರು. ವಾಚು ಆಗಲೂ ನನ್ನ ಕೈಯಲ್ಲೇ ಇತ್ತು.

"ರೀ, ಇದು ಇರೋದು ನನ್ನ ಕೈಯಲ್ಲಿ," ಎಂದೆ.

"ನಾನೂ ಮಧ್ಯೆ ಮಧ್ಯೆ ಕಟ್ಕೊಂಡಿದ್ದೆ ಮಾರಾಯ್ತಿ. ನಂದೇ ಯಾಕಾಗಿರಬಾರ್ದು? ಸುಮ್ನಿರು, ಚೆಕ್ ಮಾಡಿಸ್ಕೊಂಡು ಬರ್ತೀನಿ," ಎಂದರು.

ಆ ಕ್ಷಣದಲ್ಲಿ ಅವರು ಸುಳ್ಳು ಹೇಳಿದರು ಎನ್ನಲಾರೆ. ನಿಜವಾಗಿಯೂ ಹೆದರಿದ್ದರು. ತಮ್ಮ ಆಯಸ್ಸಿನ ಬಗ್ಗೆ ಎಷ್ಟು ಆಸೆಯಿತ್ತೆಂದರೆ, ಕಾಯಿಲೆಯನ್ನು ಕೂಡ ನನಗೆ ಬಿಟ್ಟುಕೊಡಲು ಅವರಿಂದಾಗಲಿಲ್ಲ. ಜೊತೆಗೆ ಬರುತ್ತೇನೆ ಎಂದೆ. ನರ್ಸರಿ ನೋಡುವವರು ಯಾರು ಎಂದು ಹೊರಟೇಬಿಟ್ಟರು. ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಎಂದು ಜೀಪಿನ ಕಿಟಕಿಯ ಹತ್ತಿರ ನಿಂತು ಹೇಳಿದೆ, ಹೂಂ ಎಂದರು.

ಹೇಳಲಿಲ್ಲ. ಬೆಂಗಳೂರಿನಲ್ಲಿ ಎಲ್ಲ ಪರೀಕ್ಷೆ ಮಾಡಿದರು, ಒಂದು ದಿನ ಪೂರ್ತಿ ಎದೆಗೆ ಯಂತ್ರ ಕಟ್ಟಿ ನೋಡಿದರು. ಎಲ್ಲ ಸರಿಯಿತ್ತು. ಸರಿಯಿರದೆ ಏನು, ಅದು ಗಟ್ಟಿ ಎದೆ. ಆದರೆ ಈ ತೊಂದರೆ ಬಂದು ಹೋಗಿ ಮಾಡುತ್ತದೆ, ಪರೀಕ್ಷೆಯ ದಿನ ಸಿಗದಿದ್ದರೆ ಇಲ್ಲ ಎನ್ನುವಂತಿಲ್ಲ, ವಾಚಿನಲ್ಲಿ ಇಷ್ಟು ಸಲ ಸಿಕ್ಕಿದೆ ಎಂದು ಯೋಚಿಸಿ, ಮುಂಜಾಗ್ರತೆಗೆ ರಕ್ತ ತೆಳುಮಾಡುವ ಮಾತ್ರೆ ಬರೆದುಕೊಟ್ಟರು. ಡಾಕ್ಟರು ಮಾಡಿದ್ದರಲ್ಲಿ ತಪ್ಪು ಹುಡುಕಲಾರೆ. ಎದುರಿಗೆ ಕೂತ ಮನುಷ್ಯ ಬೇರೆಯವರ ಎದೆ ಹೊತ್ತುಕೊಂಡು ಬಂದಿದ್ದಾನೆಂದು ಅವರಿಗೆ ಕನಸು ಬೀಳುತ್ತದೆಯೇ?

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ಮೆರವಣಿಗೆ. ಸುದ್ದಿ ಹರಡಿ ನೆಂಟರಿಷ್ಟರು ಬಂದರು, ಹೊಂಗಡಹಳ್ಳದಿಂದ ಅವರಕ್ಕ ಬಂದರು, ಆಲೂರಿನಿಂದ ನನ್ನ ತಮ್ಮ ಬಂದ. ಕಿತ್ತಳೆ, ಬ್ರೆಡ್ಡು, ಎಳನೀರು ಹಜಾರದಲ್ಲಿ ರಾಶಿ ಬಿತ್ತು. ಇವರು ಆರಾಮ ಕುರ್ಚಿಯಲ್ಲಿ ಕೂತು, ವಾಚು ಹೇಗೆ ತಮ್ಮ ಪ್ರಾಣ ಉಳಿಸಿತು ಎಂದು ಬಂದವರಿಗೆಲ್ಲ ವಿವರಿಸಿದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಒಂದು ಸಲ ಎದೆಯಲ್ಲಿ ಅದೇ ಲಬಲಬ ಶುರುವಾಗಿ, ಅಡುಗೆಮನೆಯ ಕಟ್ಟೆ ಹಿಡಿದು ನಿಂತೆ. ಕಣ್ಣು ಕತ್ತಲೆ ಬಂತು. ಕಾಫಿ ಇನ್ನೂ ಬರಲಿಲ್ಲವಲ್ಲ ಎಂದು ಅವರಕ್ಕ ಹಜಾರದಿಂದ ಕೂಗಿದರು.

ಅವರೆಲ್ಲ ಹೋದ ಮೇಲೆ ಜಗಳವಾಡಿದೆ. ನಾಳೆಯೇ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದೆ. ಹೋಗೋಣ ಎಂದರು. ನಾಳೆ ಗೊಬ್ಬರದ ಲಾರಿ ಬಂತು, ನಾಡಿದ್ದು ತೋಟದ ಲೆಕ್ಕ ನೋಡುವ ರೈಟರು ರಜೆ ಹಾಕಿದರು, ಆಮೇಲೆ ಲೈನಿನಲ್ಲಿ ಯಾರದೋ ಮದುವೆ. ಅದಕ್ಕಿಂತ ದೊಡ್ಡ ಕಾರಣ ಬೇರೆಯಿತ್ತು, ಅದು ನನಗೆ ತಿಳಿಯದೆ ಇರಲಿಲ್ಲ. ಹಾಸನದಲ್ಲಿ ನನ್ನ ಎದೆಯಲ್ಲಿ ಏನಾದರೂ ಸಿಕ್ಕರೆ ವಾಚಿನ ಕಥೆ ಬೆಂಗಳೂರಿಗೆ ಹೇಳಬೇಕಾಗುತ್ತದೆ. ಅಷ್ಟು ದಿನ ಹೊಗಳಿಸಿಕೊಂಡ ನಡಿಗೆಯೆಲ್ಲ ಹೆಂಡತಿಯದು ಎಂದು ಆ ಹುಡುಗಿಯ ಮುಂದೆ ಒಪ್ಪಿಕೊಳ್ಳಬೇಕಾಗುತ್ತದೆ. ಒಬ್ಬಳೇ ಹೋಗಬಹುದಿತ್ತಲ್ಲ ಎಂದು ಕೇಳಬೇಡಿ. ಇವರೇ ಕರೆದುಕೊಂಡು ಹೋಗಬೇಕು ಎಂಬ ಹಟ ನನಗೂ ಬಂದಿತ್ತು.

ಆ ಹಟ ಮುರಿದದ್ದು ಜಿಗಣೆ.

ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಇವರು ಚರಂಡಿ ಬಿಡಿಸುವುದನ್ನು ನೋಡಲು ಹಳ್ಳದ ಕಡೆ ಹೋದರು. ನಮ್ಮ ಕಡೆ ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಳ್ಳದವರು ಯಾರೂ ಇಲ್ಲ, ಅದನ್ನು ಕಿತ್ತೆಸೆದು ಸುಣ್ಣ ಹಚ್ಚಿ ಕೆಲಸಕ್ಕೆ ಹೋಗುತ್ತೇವೆ. ಬೆಂಗಳೂರಿನ ಡಾಕ್ಟರಿಗೆ ಜಿಗಣೆಯ ವಿಷಯ ಕೇಳಬೇಕೆಂದು ಹೊಳೆಯುವುದಿಲ್ಲ, ಹೇಳಬೇಕೆಂದು ಇವರಿಗೂ ಹೊಳೆದಿರಲಿಲ್ಲ. ಮಧ್ಯಾಹ್ನ ಬಂದು ಗಂಬೂಟು ಕಳಚಿದರೆ ಒಳಗೆಲ್ಲ ರಕ್ತ. ಕಾಲ್ಬೆರಳ ಸಂದಿಯಲ್ಲಿ ಎರಡು, ಹಿಮ್ಮಡಿಯ ಮೇಲೊಂದು ಕಚ್ಚಿದ್ದವು. ಸುಣ್ಣ ಹಚ್ಚಿದೆ, ನಿಲ್ಲಲಿಲ್ಲ. ಕಾಫಿಪುಡಿ ಒತ್ತಿದೆ, ಅದೂ ತೊಳೆದು ಹೋಯಿತು. ಟವೆಲು ಕಟ್ಟಿದರೆ ಟವೆಲೇ ಕೆಂಪಾಯಿತು. ತೆಳುವಾದ ರಕ್ತಕ್ಕೆ ನಿಲ್ಲುವುದೇ ಮರೆತುಹೋಗಿತ್ತು. ಇವರು ಡಾಕ್ಟರಿಗೆ ಫೋನು ಮಾಡು ಎಂದರು. ನನ್ನ ಎದೆಗೆ ಮಾಡದ ಫೋನನ್ನು ಅವರ ಕಾಲಿಗೆ ಮಾಡಬೇಕಿತ್ತು.

ಜಗಲಿಗೆ ನಡೆಸಿಕೊಂಡು ಹೋಗಿ ಕೂರಿಸಿ ಫೋನು ಹಚ್ಚಿದೆ. ಪರದೆಯಲ್ಲಿ ಡಾಕ್ಟರ ಮುಖ ಬಂತು. ಇವರು ಕಾಲು ತೋರಿಸಿದರು. ಒತ್ತಿ ಹಿಡಿಯಿರಿ, ಕಾಲು ಎತ್ತರದಲ್ಲಿಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ ಎಂದು ಅವರು ಹೇಳುತ್ತಿದ್ದಂತೆ ನಾನು ಫೋನನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಡಾಕ್ಟರೇ, ಆ ಮಾತ್ರೆ ನಿಲ್ಸಿ. ಅವರ ಎದೆ ಸರಿಯಾಗೈತೆ. ನೀವು ವಾಚಲ್ಲಿ ನೋಡ್ತಿದ್ದದ್ದು ನನ್ನ ಎದೆ," ಎಂದೆ.

ಎಲ್ಲ ಹೇಳಿದೆ. ಆನೆ, ಕಣ, ಹೆಜ್ಜೆ, ಬ್ರಾಂದಿ, ಬುಟ್ಟಿಯಡಿಯ ಕೋಳಿ. ಧ್ವನಿ ಏರಿತ್ತು, ಲೈನಿನವರೆಗೂ ಕೇಳಿಸಿರಬೇಕು. ಕೊನೆಗೆ ಡಾಕ್ಟರು, ಸರ್, ನೀವು ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ನೀವು ಬೈತೀರಿ ಅಂತ ಮೇಡಂ," ಎಂದರು ನನ್ನ ಗಂಡ.

ಇಷ್ಟೇ. ಮೂವತ್ತು ವರ್ಷ ಜೊತೆಗೆ ಬಾಳಿದವಳು ಸತ್ತರೂ ಪರವಾಗಿಲ್ಲ, ಶನಿವಾರ ಬೈಸಿಕೊಳ್ಳಬಾರದು. ಅವರು ಹಾಗೆ ಯೋಚಿಸಿರಲಿಲ್ಲ ಎಂದು ನನಗೂ ಗೊತ್ತು. ಯೋಚಿಸಿಯೇ ಇರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯುವುದು.

ಡಾಕ್ಟರು ನನ್ನನ್ನು ಒಂದೊಂದಾಗಿ ಕೇಳಿದರು, ತಲೆ ಸುತ್ತುತ್ತದೆಯೇ, ಕೈಕಾಲು ಜೋಮು ಹಿಡಿಯುತ್ತದೆಯೇ. ಈಗಲೇ ಹೊರಟು ಇಬ್ಬರೂ ತೋರಿಸಿಕೊಳ್ಳಿ, ನಾಳೆಗೆ ಇಡಬೇಡಿ ಎಂದರು. ದನಿಯಲ್ಲಿ ನಿಜವಾದ ಕಳಕಳಿ ಇತ್ತು. ಅಲ್ಲಿಗೇ ಬಿಟ್ಟಿದ್ದರೆ ನಾನು ಅವರನ್ನು ಹರಸುತ್ತಿದ್ದೆ. ಆದರೆ, ನಿಮ್ಮನ್ನೂ ಸೇರಿಸಿಕೊಳ್ಳಬಹುದು ಮೇಡಂ, ದಂಪತಿಗಳಿಗೆ ಬೇರೆಯೇ ಪ್ಯಾಕೇಜ್ ಇದೆ ಎಂದುಬಿಟ್ಟರು. ಫೋನು ಇಟ್ಟೆ.

ರೈಟರು ಜೀಪು ಓಡಿಸಿದರು. ಸಕಲೇಶಪುರದ ಆಸ್ಪತ್ರೆಯಲ್ಲಿ ಇಳಿದ ಕೂಡಲೇ ಕೆಂಪು ಟವೆಲು ನೋಡಿ ನರ್ಸುಗಳು ಓಡಿ ಬಂದು ಇವರನ್ನು ಮಲಗಿಸಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ರಕ್ತ ಸೋರುವವರ ಪಕ್ಕದಲ್ಲಿ ಎದೆ ತಾಳ ತಪ್ಪಿದವರು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನೇ ಹೋಗಿ ಅಲ್ಲಿನ ವಯಸ್ಸಾದ ಡಾಕ್ಟರ ಮುಂದೆ ಕೈ ಚಾಚಿದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟವರು, ಬೆರಳು ತೆಗೆಯದೆಯೇ ನರ್ಸನ್ನು ಕೂಗಿದರು. ಇಸಿಜಿ ತೆಗೆಸಿದರು. ಆ ಹೊತ್ತಿಗೂ ಎದೆ ಕುಣಿಯುತ್ತಲೇ ಇತ್ತು, ಕಾಗದದ ಮೇಲೆ ಸರಿಯಾಗಿ ಸಿಕ್ಕಿಬಿತ್ತು. ಅಲ್ಲಿಂದ ಹಾಸನಕ್ಕೆ ಕಳಿಸಿದರು.

ಎದೆ ಹೀಗೆ ಬಡಿದಾಗ ಒಳಗೆ ರಕ್ತ ಗರಣೆ ಕಟ್ಟುತ್ತದೆ, ಅದು ತಲೆಗೆ ಹೋದರೆ ಒಂದು ಕಡೆಯ ಕೈಕಾಲು ಹೋಗುತ್ತದೆ, ಮಾತೂ ಹೋಗಬಹುದು ಎಂದು ಹಾಸನದವರು ತಿಳಿಯುವಂತೆ ಹೇಳಿದರು. ಮಾತು ಹೋಗುವುದು ಎಂಬಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಮಾತ್ರೆ ಬರೆದುಕೊಟ್ಟರು. ಅಂಗಡಿಯಲ್ಲಿ ಕೈಗೆ ಬಂದಾಗ ನೋಡುತ್ತೇನೆ, ಅದೇ ಮಾತ್ರೆ. ಅದೇ ಡಬ್ಬಿ, ಅದೇ ಬಣ್ಣ. ನನಗೆ ಬೇಕಾದ ಮಾತ್ರೆಯನ್ನು ಅಷ್ಟು ದಿನ ಇವರು ನನ್ನ ಕಣ್ಣೆದುರಿಗೇ, ನಾನು ಕೊಟ್ಟ ನೀರಿನಲ್ಲಿ ನುಂಗುತ್ತಿದ್ದರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಜೋರಾಗಿ ಅತ್ತುಬಿಟ್ಟೆ. ಹೆದರಿ ಅಳುತ್ತಿದ್ದಾಳೆ ಎಂದುಕೊಂಡು ಇವರು ಬೆನ್ನು ಸವರಿದರು. ಕೈ ತೆಗೀರಿ ಎಂದೆ.

ಆಮೇಲೆ ಕೆಲವು ವಾರ ಮನೆಯಲ್ಲಿ ಅವರು ತಗ್ಗಿ ಬಗ್ಗಿ ನಡೆದರು. ಹೊರಗೆ ಮಾತ್ರ ಕಥೆ ಬೇರೆ ರೂಪ ತಾಳುತ್ತಿತ್ತು. ಅದು ನನಗೆ ತಿಳಿದದ್ದು ಪಕ್ಕದ ಎಸ್ಟೇಟಿನವರ ಮನೆಗೆ ಊಟಕ್ಕೆ ಹೋದ ದಿನ. ಆ ಮನೆಯ ಯಜಮಾನಿ ನನಗಿಂತ ಸ್ವಲ್ಪ ಹಿರಿಯರು, ನಾನು ಅಕ್ಕ ಎನ್ನುತ್ತೇನೆ. ಮೀನು ಸಾರು ಬಡಿಸುತ್ತಿದ್ದರು. ನಮ್ಮವರ ವಾಚು ಅವರ ಕೈಗೇ ಮರಳಿತ್ತು, ಗಂಡಸರಿಬ್ಬರೂ ಕೈಯ ವಾಚು ತೋರಿಸಿಕೊಂಡು ಯಾರ ನಿದ್ದೆ ಹೆಚ್ಚು ಗಾಢ ಎಂದು ಹೋಲಿಸುತ್ತಿದ್ದರು. ಆಗ ನಮ್ಮವರು ಹೇಳಿದರು, ನನಗೆ ಏನೋ ಅನುಮಾನ ಬಂದು ಇವಳ ಕೈಗೆ ವಾಚು ಕಟ್ಟಿದೆ, ಅದಕ್ಕೇ ಇವಳು ಇವತ್ತು ಬದುಕಿ ಕೂತಿದ್ದಾಳೆ ಎಂದು.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ.

"ವಾಚು ಹೇಳ್ಬೇಕಾದ್ದು ಹೇಳ್ತು. ಹೇಳದೆ ಬಾಯಿ ಮುಚ್ಕೊಂಡಿದ್ದೋರು ನೀವು," ಎಂದೆ.

ಮಿಕ್ಕದ್ದನ್ನೂ ಹೇಳಿದೆ, ಅವರ ಗೆಳೆಯರ ಮುಂದೆಯೇ, ಒಂದೂ ಬಿಡದೆ. ನನ್ನ ಗಂಡ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತ ಕೂತರು. ಆ ಯಜಮಾನರು ನಗಲು ನೋಡಿ, ತಮ್ಮ ವಾಚಿನ ಕಡೆ ಕಣ್ಣು ತಿರುಗಿಸಿದರು. ನಾನು ಕೈ ತೊಳೆಯಲು ಎದ್ದೆ.

ಅಕ್ಕ ಹಿಂದೆಯೇ ಬಂದರು. ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ತಗ್ಗಿದ ದನಿಯಲ್ಲಿ, ನಿಮಗೆ ಎದೆಯಲ್ಲಿ ಹೇಗೆ ಆಗುತ್ತಿತ್ತು, ಸರಿಯಾಗಿ ಹೇಳಿ ಎಂದರು. ಹೇಳಿದೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು, ಕೈ ಒಣಗಿ ಎಷ್ಟೋ ಹೊತ್ತಾಗಿತ್ತು.

"ನನಗೂ ಉಂಟು ಮಾರಾಯ್ತಿ, ಹೋದ ಕ್ರಿಸ್ಮಸ್‌ನಿಂದ. ಇವರಿಗೆ ಹೇಳಿದೆ. ವಯಸ್ಸಾಯ್ತಲ್ಲ ಅಂದ್ರು," ಎಂದರು.

ನಾನು ನಲ್ಲಿ ನಿಲ್ಲಿಸಿ ಊಟದ ಕೋಣೆಗೆ ವಾಪಸು ಹೋದೆ. ಅಕ್ಕ ನನ್ನ ಹಿಂದೆ ಬಂದು ಬಾಗಿಲಲ್ಲಿ ನಿಂತರು. ನಾಳೆ ಬೆಳಿಗ್ಗೆ ಅಕ್ಕನನ್ನು ಹಾಸನಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಅವರ ಯಜಮಾನರಿಗೆ ಹೇಳಿದೆ. ಅವರು ವಾಚಿನಿಂದ ಕಣ್ಣೆತ್ತಿ ನನ್ನ ಮುಖ ನೋಡಿದರು. ಯಾಕೆ, ಅವಳಿಗೆ ಏನಾಗಿದೆ ಎಂದು ನನ್ನನ್ನು ಕೇಳಿದರು.

"ಅಲ್ಲೇ ನಿಂತಿದ್ದಾರಲ್ಲ, ಅವರನ್ನೇ ಕೇಳಿ," ಎಂದೆ.